ಮುಂಡರಗಿಗೆ ಇನ್ನೊಂದು ದಾರಿ

ಪತ್ತಿನ ಸಂಘವೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಗದುಗಿನಲ್ಲಿ ಮುಖ್ಯ ಕಚೇರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಒಂದೊಂದು ಶಾಖೆ, ಒಂದೊಂದು ಸರ್ವರ್. ಯಾವುದು ನಿಂತರೂ ನಾನೇ ಬಸ್ಸು ಹತ್ತಬೇಕು. ಎಷ್ಟೋ ಸಲ ಅಷ್ಟು ದೂರ ಹೋಗಿ, ಒಂದೇ ಒಂದು ಗುಂಡಿ ಒತ್ತಿ ತಿರುಗಿ ಬಂದಿದ್ದೇನೆ. ಸೊಂಟ ಸೋತ ಮೇಲೆ, ದೂರದಿಂದಲೇ ಸರ್ವರ್ ನಡೆಸುವ ಪೆಟ್ಟಿಗೆ ಕೊಳ್ಳಲು ಸಂಘದವರನ್ನು ಒಪ್ಪಿಸಿದೆ. ಅಂಗೈಯಗಲದ್ದು. ಅದನ್ನು ಸರ್ವರ್‌ಗೆ ಸಿಕ್ಕಿಸಿದರೆ ಅಲ್ಲಿಯ ಪರದೆ ನನ್ನ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಇಲ್ಲಿ ಕೀಲಿ ಒತ್ತಿದರೆ ಅಲ್ಲಿ ಒತ್ತಿದಂತೆ.

ಹುಬ್ಬಳ್ಳಿಯ ಅಂಗಡಿಯವನು ಅದರ ಜೊತೆಗೆ ಸಿಮ್ ಹಾಕುವ ರೌಟರನ್ನೂ ಮುಂದಿಟ್ಟ.

“ಶಾಖೆದ ಇಂಟರ್ನೆಟ್ ಲೈನ್ ಹ್ವಾದ್ರ ನಿಮ್ಮ ಪೆಟಗಿ ಇದ್ದೂ ಇಲ್ಲದಂಗ್ರಿ. ಇದು ಬ್ಯಾರೆ ದಾರಿ.”

“ಇದ್ದ ಲೈನ್ ಸಾಕೋ ಮಾರಾಯ. ನನಗ ಕಲಸ್ತಿಯೇನ?”

ರೌಟರ್ ಬೇಡವೆಂದು ಬಿಲ್ಲಿನಿಂದ ತೆಗೆಸಿದೆ. ಅಷ್ಟಕ್ಕೇ ನಿಲ್ಲದೆ, ಇನ್ನು ಯಾಕೆ ಬೇಕೆಂದು ಶಾಖೆಯ ಸರ್ವರ್‌ಗಳಿಗಿದ್ದ ಹಳೆಯ ಮಾನಿಟರ್, ಕೀಬೋರ್ಡ್‌ಗಳನ್ನೂ ಅವನಿಗೇ ಕೊಟ್ಟು ದರ ಇಳಿಸಿದೆ. ಅವನು ಚಹಾ ತರಿಸಿದ. ಗೆದ್ದೆ ಅನಿಸಿತು.

ಅದೇ ಹುರುಪಿನಲ್ಲಿ ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಅಮಾವಾಸ್ಯೆಯ ದಿನವನ್ನೇ ಗೊತ್ತು ಮಾಡಿದೆ. ಬೆಟಗೇರಿಯ ಕಣ್ಣಿನ ಆಸ್ಪತ್ರೆಗೆ ಅಶುಭವೆಂದು ಆ ದಿನ ಜನ ಬರುವುದಿಲ್ಲ. ಸರತಿ ಇಲ್ಲ, ದರ ಮಾತಾಡಲೂ ಜಾಗ. ಅವಳು ಒಂದೇ ಕೇಳಿದಳು.

“ಒಳಗ ಒಯ್ಯೂಮುಂದ ನೀವು ಬಾಜೂಕ ಇರಬೇಕ ನೋಡ್ರಿ. ನನಗ ಅಂಜಿಕಿ ಬರತೈತಿ.”

“ಲ್ಯಾಪ್‌ಟಾಪ್ ತಂದ ಕುಂಡ್ರತೇನಿ. ಎಲ್ಲಿಗೂ ಹೋಗಂಗಿಲ್ಲ.”

ಅಮಾವಾಸ್ಯೆಗೆ ನಮ್ಮ ಕಡೆ ಅಂಗಡಿ, ಕಚೇರಿಗಳಲ್ಲಿ ಯಂತ್ರಗಳಿಗೂ ಪೂಜೆ. ಅದನ್ನೇ ಮರೆತಿದ್ದೆ.

ಅವಳ ಕಣ್ಣಿಗೆ ನರ್ಸು ಹನಿ ಹಾಕುತ್ತಿದ್ದಾಗ ಮುಂಡರಗಿ ಶಾಖೆಯ ಸಿಪಾಯಿ ಫೋನು ಮಾಡಿದ. “ಸರ್ರ, ಪೂಜಿ ಮುಗಿಸಿ ಚಾಲೂ ಮಾಡಿದ್ರ ಏನೂ ಬರವಲ್ದ್ರಿ. ಮಂದಿ ಪಾಳಿ ಹಚ್ಚಿ ನಿಂತಾರ.”

ಲ್ಯಾಪ್‌ಟಾಪ್ ತೆರೆದೆ. ಲಕ್ಷ್ಮೇಶ್ವರ ಕಂಡಿತು, ಶಿರಹಟ್ಟಿ ಕಂಡಿತು. ಮುಂಡರಗಿ ಇಲ್ಲ.

“ಏನೇನ್ ಮಾಡೀರಿ?”

“ಮೇನ್ ಸ್ವಿಚ್ ತಗದು, ವಾಯರ್ ಎಲ್ಲಾ ಕಿತ್ತು, ಚಂದಂಗ ಒರಿಸೇವ್ರಿ.”

“ಹಿಂದ ಇಂಟರ್ನೆಟ್ಟಿಂದು ಒಂದು ಹಳದಿ ವಾಯರ್ ಇತ್ತಲ್ಲ, ಅದನ್ನ ಎಲ್ಲಿ ಸಿಗಸೀರಿ ನೋಡ್ರಿ.”

“ಎಲ್ಲಾ ಹಳದಿನ ಅದಾವ್ರಿ ಸರ್ರ. ಅರಿಷಿಣ ಹಚ್ಚೇವಿ.”

ಪರದೆಯಲ್ಲಿ ಏನಿದೆ ಓದಿ ಹೇಳ್ರಿ ಅನ್ನೋಣವೆಂದರೆ ಅಲ್ಲಿ ಪರದೆಯೇ ಇಲ್ಲ. ಅದನ್ನು ನಾನೇ ಮಾರಿಕೊಂಡಿದ್ದೆ.

ಹೆಂಡತಿ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡಿದ್ದಳು. “ಹೋಗ್ರಿ. ಇಲ್ಲಿ ಕುಂತರೂ ನಿಮ್ಮ ಮೈ ಅಷ್ಟ ಇಲ್ಲಿರತೈತಿ.”

ಹೋದೆ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತಾಗ ಹೊಳೆದದ್ದನ್ನು, ಕೊಳ್ಳುವವರಿದ್ದರೆ ಕೇಳಿಸಿಕೊಳ್ಳಲಿ ಎಂದು ಬರೆಯುತ್ತೇನೆ. ಇಂಥ ಪೆಟ್ಟಿಗೆ ಆರಿಸುವಾಗ ಪರದೆ ಎಷ್ಟು ಚೊಕ್ಕ ಕಾಣುತ್ತದೆ ಎಂದು ನೋಡಬೇಡಿ. ಎಲ್ಲವೂ ನಿಂತ ದಿನ ಅದರ ಹತ್ತಿರ ಯಾವ ದಾರಿಯಿಂದ ಹೋಗುತ್ತೀರಿ ಎಂದು ಕೇಳಿ. ಸರ್ವರ್ ನಡೆಯುವ ಲೈನಿನ ಮೇಲೆಯೇ ಅದನ್ನೂ ನಡೆಸಿದರೆ ಎರಡೂ ಕೂಡಿಯೇ ಮಲಗುತ್ತವೆ. ಮತ್ತೆ, ಒಂದು ಹಳೆಯ ಕೀಬೋರ್ಡನ್ನಾದರೂ ಅಲ್ಲಿ ಬಿಟ್ಟಿರಿ.

ಮುಂಡರಗಿಯ ಆ ಸಣ್ಣ ಕೋಣೆಯಲ್ಲಿ ಇನ್ನೂ ಕರ್ಪೂರದ ವಾಸನೆ ಇತ್ತು. ಸರ್ವರ್‌ನ ಹಣೆಗೆ ಮೂರು ಬೆರಳಿನ ವಿಭೂತಿ. ಹಳದಿ ತಂತಿ ಪಕ್ಕದ ತೂತಿನಲ್ಲಿತ್ತು. ಸರಿಯಾದ ತೂತಿಗೆ ಹಾಕಿದೊಡನೆ ಲ್ಯಾಪ್‌ಟಾಪಿನಲ್ಲಿ ಪರದೆ ಮೂಡಿತು: ಮುಂದುವರಿಯಲು ಒಂದು ಕೀಲಿ ಒತ್ತಿ ಎಂದು ಸರ್ವರ್ ಬೆಳಗಿನಿಂದ ಕಾಯುತ್ತ ಕುಳಿತಿತ್ತು. ಒತ್ತಿದೆ. ಕೌಂಟರಿನಲ್ಲಿ ಪಾಳಿ ಸರಿಯತೊಡಗಿತು. ಸಿಪಾಯಿ ಕೊಬ್ಬರಿ ಚೂರು ಕೈಗಿಟ್ಟ.

ನಾನು ಬೆಟಗೇರಿ ಮುಟ್ಟುವಷ್ಟರಲ್ಲಿ ಹೆಂಡತಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಎಲ್ಲ ಸುಸೂತ್ರ ಆಗಿತ್ತು.

“ಒಳಗ ಒಯ್ಯೂಮುಂದ ನರ್ಸಬಾಯಿ ಕೇಳಿದ್ಲು, ನಿಮ್ಮ ಮನ್ಯಾವರು ಎಲ್ಲಿ ಅಂತ. ಅಮಾಸಿ ಪೂಜಾಕ್ಕ ಹೋಗ್ಯಾರ ಅಂದೆ.”

ಕೊಬ್ಬರಿ ಚೂರು ಕೊಟ್ಟೆ. ಬೇಡವೆನ್ನದೆ ತಿಂದಳು. ಆಮೇಲೆ ಅಂದಳು, “ಇನ್ನೊಂದು ಕಣ್ಣ ಬಾಕಿ ಐತಿ.”

ಹೊರಗಿನ ಕಟ್ಟೆಯ ಮೇಲೆ ಕುಳಿತು ಹುಬ್ಬಳ್ಳಿಗೆ ಫೋನು ಮಾಡಿ, ಸಿಮ್ ಹಾಕುವ ರೌಟರ್ ಮೂರು ಕಳಿಸು ಎಂದೆ. ಅವನು ದರ ಹೇಳಿ ಕಾದ. ನಾನು ಆಯಿತು ಎಂದೆ.

ಅವನು ಅದೇ ದರವನ್ನು ಇನ್ನೊಮ್ಮೆ ಹೇಳಿ, ಆಮೇಲೆ ಕೇಳಿದ, “ಸಾಹೇಬ್ರ, ಆರಾಮ ಅದೀರಿಲ್ಲೋ?”