ಎಂಜಲು ತಾಗಿದ ರೀಲು

ಮೊಬೈಲಿನಲ್ಲೇ ತೆಗೆಯಬಹುದಿತ್ತು. ಎಲ್ಲರೂ ಅದನ್ನೇ ಹೇಳಿದರು. ಆದರೆ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದ ಅಪ್ಪ ಕೆಲಸ ಬಿಡುವ ದಿನದ ಕೊನೆಯ ಟ್ರಿಪ್ಪನ್ನು ಫಿಲ್ಮಿನಲ್ಲೇ ಹಿಡಿಯಬೇಕೆಂದು ನನ್ನ ಹಟ. ಮೊಬೈಲಿನಲ್ಲಿ ಅಪ್ಪನ ಎಷ್ಟೋ ವಿಡಿಯೋಗಳಿವೆ. ಒಂದನ್ನೂ ಎರಡನೇ ಸಲ ನೋಡಿಲ್ಲ. ಇದೋ, ಕೀಲಿ ಕೊಟ್ಟು ಓಡಿಸುವ ಹಳೆಯ ಕ್ಯಾಮೆರಾ, ಮೂರು ನಿಮಿಷವೂ ಬಾರದ ಒಂದೇ ರೀಲು. ಹಾಗಾದರೂ ಕಣ್ಣು ಬಿಟ್ಟು ನೋಡುತ್ತೇನೆ ಅಂದುಕೊಂಡೆ.

ಸಾಗರದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸು ಹೊಸನಗರದಲ್ಲಿ ನಿಂತಾಗ ಹಿಂದಿನ ಸೀಟಿನ ನೆರಳಲ್ಲಿ ರೀಲು ಹಾಕಿದೆ. ಫಿಲ್ಮಿನ ತುದಿ ಬೆರಳಿಗೆ ಸಿಗದೆ ಜಾರಿತು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಎಳೆದುಬಿಟ್ಟೆ. ಅಪ್ಪ ಟಿಕೆಟ್ ಹರಿಯುವುದೇ ಹಾಗೆ. ಮೆಷಿನ್ ಬಂದರೂ ಚೀಟಿ ಕಟ್ಟು ಬಿಟ್ಟವರಲ್ಲ. ಮುಚ್ಚಳ ಹಾಕಿದ ಮೇಲೆ ಎದೆ ಧಸಕ್ಕೆಂದಿತು. ಒದ್ದೆ ತಾಗಿದರೆ ಫಿಲ್ಮು ಒಳಗೆ ಅಂಟಿಕೊಳ್ಳಬಹುದು, ಚಿತ್ರ ಪೂರಾ ಅದುರಬಹುದು. ತೆಗೆದು ಒರೆಸಬೇಕು ಅನ್ನುವಷ್ಟರಲ್ಲಿ ಅಪ್ಪ ಕೂಗಿದರು:

"ರೈಟ್, ಹೋಗ್ಲಿ!"

ಹುಂಚದಲ್ಲಿ ಹತ್ತಿದ ಅಜ್ಜಿಯೊಬ್ಬರಿಗೆ ಅಪ್ಪ ಕೊನೆಯ ಟಿಕೆಟ್ ಹರಿಯಲು ಹೊರಟರು. ಕ್ಯಾಮೆರಾ ಕಣ್ಣಿಗಿಟ್ಟು ಗುಂಡಿ ಒತ್ತಿದೆ. ಫಿಲ್ಮು ಸರಿಯಾಗಿ ಓಡುತ್ತಿದೆಯೇ ಎಂದು ಕಿವಿಗೊಟ್ಟರೆ ಬಸ್ಸಿನ ಗದ್ದಲದಲ್ಲಿ ಏನೂ ಕೇಳದು. ಮುಚ್ಚಳ ತೆಗೆದರೆ ಬೆಳಕು ಬಿದ್ದು ತೆಗೆದದ್ದೂ ಹಾಳು. ಬೆವರು ಕಣ್ಣಿಗಿಳಿಯಿತು. ಈ ಟ್ರಿಪ್ಪು ಇನ್ನೊಮ್ಮೆ ಬರುವುದಿಲ್ಲ ಎಂಬುದೇ ಭಯ.

ರೀಲು ಮುಂಬಯಿಯ ಲ್ಯಾಬಿಗೆ ಹೋಗಿ ಮೂರು ವಾರವಾಯಿತು. ಊಟ ಸೇರಲಿಲ್ಲ. ಫೋನು ಸದ್ದಾದರೆ ಮುಟ್ಟಲೂ ಅಂಜಿಕೆ. ಅಪ್ಪ ದಿನಾ ಬೆಳಿಗ್ಗೆ ಕೇಳುತ್ತಿದ್ದರು:

"ಬಂತಾ?"

"ಇನ್ನೂ ಇಲ್ಲಪ್ಪ."

ಎಂಜಲಿನ ವಿಷಯ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಕಡೆಗೊಂದು ದಿನ ಲ್ಯಾಬಿನವರು ಅದನ್ನು ತೊಳೆದು, ವಿಡಿಯೋ ಮಾಡಿ ಫೋನಿಗೇ ಕಳಿಸಿದರು. ಇಬ್ಬರೂ ಜಗಲಿಯಲ್ಲಿ ಕೂತು ನೋಡಿದೆವು. ಅಪ್ಪನ ಖಾಕಿ ಅಂಗಿ, ಅಜ್ಜಿಯ ಚೀಲ, ಎಲ್ಲ ಬಂದಿತ್ತು. ಅಪ್ಪ ಬೆರಳು ಒದ್ದೆ ಮಾಡಿ ಟಿಕೆಟ್ಟಿಗೆ ಕೈ ಹಾಕಿದ ಕಡೆ ಚಿತ್ರ ನಡುಗತೊಡಗಿತು. ನನ್ನ ಜೀವವೇ ಹೋಯಿತು.

"ಹಾಳಾಯ್ತಪ್ಪ. ರೀಲು ಹಾಕುವಾಗ ಎಂಜಲು ಮುಟ್ಟಿಸ್ಬಿಟ್ಟಿದ್ದೆ. ಅದ್ಕೇ ಅದುರ್ತಿದೆ."

ಅಪ್ಪ ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದರು. ಮತ್ತೆ ನೋಡಿದೆ. ಅವರ ಬೆನ್ನ ಹಿಂದಿನ ಕಿಟಕಿಯ ಸರಳು ನೆಟ್ಟಗೆ ನಿಂತಿತ್ತು. ಅಜ್ಜಿಯ ಮುಖವೂ ಅಲ್ಲಾಡುತ್ತಿರಲಿಲ್ಲ. ಅದುರುತ್ತಿದ್ದದ್ದು ಟಿಕೆಟ್ ಹಿಡಿದ ಬೆರಳುಗಳು ಮಾತ್ರ.

"ಕ್ಯಾಮೆರಾದ್ದಲ್ಲ ಮಾರಾಯ," ಅಂದರು ಅಪ್ಪ, ಆ ಕೈಯನ್ನು ಪಂಚೆಯ ಮೇಲೆ ಒರೆಸಿಕೊಳ್ಳುತ್ತ. "ನಂಗೂ ಅವತ್ತು ಹೆದ್ರಿಕೆ ಆಗಿತ್ತು."