ಹಳದಿ ಕಾಣದ ಐದು ದಿನ

ನನ್ನ ಹೊಕ್ಕುಳಿನ ಸುತ್ತ ಐದು ಗುರುತುಗಳಿವೆ. ಜೋಳದ ಕಾಳಿನಷ್ಟು ಅಗಲ, ಸುತ್ತಲಿನ ಚರ್ಮಕ್ಕಿಂತ ತುಸು ಬೆಳ್ಳಗೆ. ನಾನು ಹುಟ್ಟಿದ ಏಳನೆಯ ದಿನ ಹೊಟ್ಟೆ ಉಬ್ಬಿ ಒಂದೇ ಸಮನೆ ಅಳುತ್ತಿದ್ದೆನಂತೆ. ಅವ್ವ ಬಳೆಯ ಚೂರನ್ನು ದೀಪದ ಮೇಲೆ ಕಾಯಿಸಿ ಐದು ಕಡೆ ಬರೆ ಹಾಕಿದಳು. ಅಳು ನಿಂತಿತಂತೆ. ನಿಲ್ಲದೆ ಏನು ಮಾಡೀತು? ಅಳುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ನಮ್ಮದು ಮೂಡಲಗಿ ಕಡೆಯ ಕುರಿ ಸಾಕುವ ಮನೆತನ. ಈಗ ಕುರಿ ಕಡಿಮೆಯಾಗಿ ಹೊಲದ ಕೆಲಸ ಹೆಚ್ಚಾಗಿದೆ, ಆದರೆ ಕುರಿಗೆ ಮಾಡುವ ಉಪಚಾರ ಮಾತ್ರ ದೊಡ್ಡಿಯಿಂದ ಮನೆಯೊಳಗೆ ಹಾಗೇ ಬಂದು ಕೂತಿತ್ತು. ಮರಿಗೆ ಹೊಟ್ಟೆ ಉಬ್ಬಿದರೆ ಬರೆ, ಎತ್ತಿನ ಕಾಲು ಬಾತರೆ ಬರೆ, ಕೂಸಿನ ಮೈ ಹಳದಿಯಾದರೆ ಬರೆ. ಅವ್ವ ಕೆಟ್ಟವಳಲ್ಲ. ನನಗೆ ಬರೆ ಹಾಕಿದ ದಿನ ತಾನೂ ಉಣ್ಣಲಿಲ್ಲವೆಂದು ಅಕ್ಕಪಕ್ಕದವರು ಹೇಳುತ್ತಾರೆ. ಆದರೂ ಚಿಕ್ಕವಳಿದ್ದಾಗ ಸ್ನಾನ ಮಾಡುವಾಗೆಲ್ಲ ಆ ಗುರುತುಗಳನ್ನು ನೋಡಿ, ನನಗೆ ಮಕ್ಕಳಾದರೆ ಅವುಗಳ ಮೈಮೇಲೆ ಒಂದು ಗೀರೂ ಬೀಳಬಾರದು ಎಂದು ಹಟ ತೊಟ್ಟಿದ್ದೆ. ಹಟ ನನ್ನ ಹುಟ್ಟುಗುಣ. ಅದನ್ನು ಯಾವ ಬರೆಯೂ ಬಿಡಿಸಲಿಲ್ಲ.

ಓದಿ ಹೈಸ್ಕೂಲು ಟೀಚರ್ ಆದೆ. ಕಲಿಸುವ ವಿಷಯ ವಿಜ್ಞಾನ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಮದುವೆಯಾಗಿ ಹುಕ್ಕೇರಿ ತಾಲ್ಲೂಕಿನ ಹತ್ತರಗಿಗೆ ಬಂದೆ. ಬಸುರಿಯಾದಾಗ ಮೊಬೈಲಿನಲ್ಲಿ ಕೂಸುಗಳನ್ನು ಮೆತ್ತಗೆ ಬೆಳೆಸುವ ಬಗ್ಗೆ ಎಷ್ಟು ವಿಡಿಯೋ ನೋಡಿದೆನೋ ಲೆಕ್ಕವಿಲ್ಲ. ಅಂಗಡಿಯ ಸೋಪು ಬೇಡ, ಪೌಡರ್ ಬೇಡ, ಡಬ್ಬಿಯ ಹಾಲು ಬೇಡ. ಜೋರು ಸದ್ದು ಬೇಡ, ಜೋರು ಮಾತು ಬೇಡ. ಎಲ್ಲ ಪ್ರಕೃತಿ ಕೊಟ್ಟಿದ್ದು, ಎಲ್ಲ ಮೆತ್ತಗೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಗಂಡ ನೋಡಿ, "ಪರೀಕ್ಷಾಕ್ಕ ಕುಂದರಾಕಿ ಹಂಗ ತಯಾರಿ ನಡಸೀಯಲ್ಲ" ಎಂದು ನಕ್ಕಿದ್ದ.

ಚೊಚ್ಚಲ ಹೆರಿಗೆ ತವರಿನ ಪಾಲು. ಗೋಕಾಕದ ಒಂದು ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಎರಡನೆಯ ದಿನ ಮನೆಗೆ ಕಳಿಸುವಾಗ ನರ್ಸಬಾಯಿ ಚೀಟಿಯ ಕೆಳಗೆ ಬೆರಳಿಟ್ಟು ತೋರಿಸಿದರು. "ನಾಕನೇ ದಿನ ಕೂಸಿನ್ನ ಕರಕೊಂಡ ಬರ್ರಿ. ಮೈ ಹಳದಿ ಆದ್ರ ಅದಕ್ಕಿಂತ ಮೊದಲ ಬರ್ರಿ, ತಡಾ ಮಾಡಬ್ಯಾಡ್ರಿ." ನಾನು ತಲೆಯಾಡಿಸಿದೆ. ಇದೆಲ್ಲ ನನಗೆ ಗೊತ್ತಿರುವುದೇ ಎನ್ನುವ ಹಾಗೆ ಆಡಿಸಿದೆ.

ಮೂಡಲಗಿಯ ಮನೆಗೆ ಬಂದ ಮಧ್ಯಾಹ್ನವೇ ಅವ್ವನಿಗೂ ನನಗೂ ಜಗಳ ಶುರುವಾಯಿತು. ಹೊಟ್ಟೆ ಉಬ್ಬರ ಬರದಿರಲೆಂದು ಮೊದಲೇ ಒಂದೆರಡು ಬರೆ ಹಾಕಿಸಿಬಿಡೋಣ, ಓಣಿಯ ಮುದುಕಿಗೆ ಹೇಳಿದ್ದೇನೆ ಎಂದಳು. ನಾನು ಬಾಣಂತಿ ಎನ್ನುವುದನ್ನೂ ಮರೆತು ಎದ್ದು ನಿಂತೆ.

"ಕೂಸಿಗೆ ಯಾರರ ಕೈ ಹಚ್ಚಿದ್ರ ಇವತ್ತ ಹತ್ತರಗಿಗೆ ಹೊಂಟ ಹೋಗ್ತೀನಿ."

"ಹೊಸ್ತಿಲಾ ದಾಟಬ್ಯಾಡ" ಎಂದಳು ಅವ್ವ. "ಐದನೇ ದಿನದ ಸೆಟಿಗೆವ್ವನ ಪೂಜಿ ಆಗೂತನಕ ಕೂಸು ಹೊರಗ ಹೋಗಬಾರ್ದು. ಅಷ್ಟರ ನನ್ನ ಮಾತ ಕೇಳ."

ಐದನೆಯ ದಿನ ಸೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಅವಳು ಬರುವ ಮೊದಲು ಕೂಸನ್ನು ಹೊರಗೆ ಒಯ್ದರೆ ಬರೆಯುವವಳಿಗೆ ಕೂಸು ಸಿಗುವುದಿಲ್ಲವಂತೆ. ನನಗೆ ನಗು ಬಂತು. ಆದರೆ ಅಲ್ಲೇ ಒಂದು ಒಪ್ಪಂದ ಕಂಡಿತು. ನೀನು ಬರೆ ಹಾಕಿಸಬೇಡ, ನಾನು ಹೊಸ್ತಿಲು ದಾಟುವುದಿಲ್ಲ ಎಂದೆ. ಅವ್ವ ಒಪ್ಪಿದಳು. ನಾಲ್ಕನೆಯ ದಿನದ ಚೀಟಿ ಇಬ್ಬರಿಗೂ ನೆನಪಿತ್ತು. ಐದು ದಿನ ಮುಗಿಸಿ ಆರನೆಯ ದಿನ ಹೋದರಾಯಿತು, ಎರಡು ದಿನದಲ್ಲಿ ಏನು ಮಹಾ ಆಗುತ್ತದೆ ಎಂದು ನಾನೇ ಹೇಳಿದೆ. ಗೆದ್ದೆನೆಂಬ ಖುಷಿ ನನಗೆ.

ಬಾಣಂತಿಯ ಕೋಣೆಗೆ ಇದ್ದದ್ದು ಒಂದೇ ಬೆಳಕಿಂಡಿ. ಬೆಳಿಗ್ಗೆ ಅಂಗೈಯಗಲ ಬಿಸಿಲು ಬೀಳುತ್ತಿತ್ತು. ಕೂಸನ್ನು ಅದಕ್ಕೆ ಹಿಡಿದು ಎಳೆಬಿಸಿಲು ಕಾಯಿಸಿದೆನೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನೋಡಲು ಬಂದವರು ತಂದ ಸೋಪು, ಪೌಡರುಗಳ ಡಬ್ಬಿಯನ್ನು ಒಡೆಯದೆ ಅಟ್ಟಕ್ಕೆ ಏರಿಸಿದೆ. ನಮ್ಮ ಹೊಲದ ಅರಿಶಿಣ, ಮನೆಯಲ್ಲೇ ಬೀಸಿದ ಕಡಲೆಹಿಟ್ಟು, ಹಾಲಿನ ಕೆನೆ, ಇವನ್ನು ಕಲಸಿ ದಿನಕ್ಕೆ ಎರಡು ಸಲ ಕೂಸಿನ ಮೈಗೆ ಹಚ್ಚಿದೆ. ಯಾರಿಗೂ ಬಿಡದೆ ನಾನೇ ಹಚ್ಚಿದೆ. ಹಣೆ, ಕೆನ್ನೆ, ಹೊಟ್ಟೆ, ಅಂಗಾಲು. ನಮ್ಮ ಅರಿಶಿಣಕ್ಕೆ ಬಣ್ಣ ಬಲು ಜೋರು. ಎರಡು ನೀರು ಹಾಕಿದರೂ ಹೋಗುತ್ತಿರಲಿಲ್ಲ. ನನ್ನ ಉಗುರು, ಹಾಸಿಗೆ, ಸೀರೆಯ ಸೆರಗು, ಕೂಸು, ಎಲ್ಲವೂ ಒಂದೇ ಬಣ್ಣ. ನನಗೆ ಅದು ಚೆಂದ ಕಾಣುತ್ತಿತ್ತು.

ನಾಲ್ಕನೆಯ ದಿನ ಅವ್ವ ಕೂಸನ್ನು ಎತ್ತಿಕೊಂಡು ಬೆಳಕಿಂಡಿಯ ಕೆಳಗೆ ಬಹಳ ಹೊತ್ತು ನಿಂತಳು.

"ಕಣ್ಣಾಗ ಹಳದಿ ಕಾಣಾಕತ್ತೈತಿ ನೋಡ" ಎಂದಳು.

ನಾನು ಅಂಜಿದೆ. ಕೂಸಿಗಾಗಿ ಅಲ್ಲ. ಹಳದಿ ಎಂದರೆ ಮುಂದಿನ ಮಾತು ಬರೆ ಎಂದು ನನಗೆ ಗೊತ್ತಿತ್ತು. ಒಪ್ಪಂದ ಮುರಿಯಲು ಅವ್ವ ನೆಪ ಹುಡುಕುತ್ತಿದ್ದಾಳೆ ಎಂದುಕೊಂಡೆ.

"ಮೈತುಂಬ ಅರಿಶಿಣಾ ಹಚ್ಚೇನಿ. ಹಳದಿ ಕಾಣದ ಮತ್ತೇನ ಕೆಂಪ ಕಾಣ್ತೈತೇನ?" ಎಂದೆ.

ಅವ್ವ ನನ್ನ ಮುಖ ನೋಡಿದಳು. ಕೂಸನ್ನು ನನ್ನ ಪಕ್ಕದಲ್ಲಿ ಮಲಗಿಸಿ ಒಲೆಯ ಕಡೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಏನಾಗುತ್ತಿತ್ತು ಎಂದು ನಾನು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ನಾನು ಕೇಳುತ್ತಿರಲಿಲ್ಲ. ಅದು ಖರೆ.

ಆ ದಿನದಿಂದ ಕೂಸು ಅಳುವುದನ್ನು ಕಡಿಮೆ ಮಾಡಿತು. ಮೊಲೆಗೆ ಹಚ್ಚಿದರೆ ಎರಡು ಸಲ ಚೀಪಿ ನಿದ್ದೆ ಹೋಗುತ್ತಿತ್ತು. ಸದ್ದಿಲ್ಲದ ಮನೆ, ಮೆತ್ತನೆಯ ಕೈ, ಶಾಂತ ಕೂಸು. ನನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದೆಲ್ಲ ಒಂದೊಂದಾಗಿ ನಿಜವಾಗುತ್ತಿದೆ ಎಂದು ನಾನು ನಂಬಿದೆ. ಐದನೆಯ ದಿನ ಮುಸ್ಸಂಜೆ ಸೆಟಿಗೆವ್ವನ ಪೂಜೆಯಾಯಿತು. ಹಣೆಬರಹ ಬರೆಯಲು ಒಂದು ಖಾಲಿ ಹಾಳೆ, ಒಂದು ಪೆನ್ನು ಇಡಬೇಕು. ಮನೆಯಲ್ಲಿ ಬೇರೆ ಪೆನ್ನು ಸಿಗದೆ, ಉತ್ತರಪತ್ರಿಕೆ ತಿದ್ದುವ ನನ್ನ ಕೆಂಪು ಪೆನ್ನನ್ನೇ ಇಟ್ಟೆ. ಪೂಜೆಯ ಹೊತ್ತಿಗೆ ಕೂಸು ಒಮ್ಮೆ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿ, ಕೀರಲು ದನಿಯಲ್ಲಿ ಕೂಗಿತು. ಮೈ ಮುರಿಯುತ್ತಿದೆ ಎಂದು ಯಾರೋ ನಕ್ಕರು. ನಾನೂ ನಕ್ಕೆ.

ಆರನೆಯ ದಿನ ಬೆಳಿಗ್ಗೆ ಕೂಸು ಬಾಯಿಯನ್ನೇ ತೆರೆಯಲಿಲ್ಲ. ನನ್ನ ತಮ್ಮ ತನ್ನ ಟಂಟಂ ಗಾಡಿಯಲ್ಲಿ ಕೂಸನ್ನೂ ನನ್ನನ್ನೂ ಅವ್ವನನ್ನೂ ಗೋಕಾಕಕ್ಕೆ ಕರೆದುಕೊಂಡು ಹೋದ. ಡಾಕ್ಟರು ಕೂಸನ್ನು ಮೇಜಿನ ಮೇಲೆ ಮಲಗಿಸಿದರು. ಹತ್ತಿಯನ್ನು ನೀರಿನಲ್ಲಿ ಅದ್ದಿ ಮೂಗಿನ ಮೇಲೆ, ಎದೆಯ ಮೇಲೆ, ಅಂಗಾಲಿನ ಮೇಲೆ ಗಸಗಸ ಒರೆಸಿದರು. ಹತ್ತಿ ಹಳದಿಯಾಯಿತು. ಇನ್ನೊಂದು ಹತ್ತಿ ತೆಗೆದುಕೊಂಡರು. ಅದೂ ಹಳದಿಯಾಯಿತು. ಮೂರನೆಯದು ಬೆಳ್ಳಗೇ ಉಳಿಯಿತು. ಆಗ ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ಬಿಟ್ಟರು. ಒತ್ತಿದ ಜಾಗ ಅರಿಶಿಣಕ್ಕಿಂತ ಹಳದಿಯಾಗಿತ್ತು.

"ಎಷ್ಟ ದಿನದಿಂದ ಹಿಂಗೈತ್ರಿ?"

ಅವ್ವ ಹೇಳಿದಳು. "ನಿನ್ನಿಯಿಂದ ಹಾಲ ಬಿಟ್ಟೈತ್ರಿ. ಹಳದಿ ಮಾತ್ರ ಗೊತ್ತಾಗಲಿಲ್ಲರಿ, ಅರಿಶಿಣಾ ಹಚ್ಚಿದ್ವಿ." ಹಚ್ಚಿದ್ವಿ ಎಂದಳು. ಹಚ್ಚಿದವಳು ನಾನು. ಕಂಡಿದ್ದವಳು ಅವಳು. ನನ್ನನ್ನು ಉಳಿಸಲು ಅವ್ವ ಅಲ್ಲೇ ನಿಂತು ಸುಳ್ಳು ಹೇಳಿದಳು.

ಅಲ್ಲಿಂದ ಬೆಳಗಾವಿಗೆ ಕಳಿಸಿದರು. ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು, ಮೈಯ ರಕ್ತ ತೆಗೆದು ಬೇರೆ ರಕ್ತ ಹಾಕಿದರು. ಹನ್ನೆರಡು ದಿನಗಳ ಮೇಲೆ ಕೂಸು ಜೀವಂತ ನನ್ನ ಕೈಗೆ ಬಂತು. ಕಿವಿಯ ಪರೀಕ್ಷೆಗೆ ಮೂರು ತಿಂಗಳಿಗೆ ಬರಬೇಕೆಂದು ಚೀಟಿಯಲ್ಲಿ ಬರೆದಿದ್ದರು. ನಾನು ಆ ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟೆ. ಬದುಕಿತಲ್ಲ, ಇನ್ನು ಆಸ್ಪತ್ರೆಯ ಮುಖ ನೋಡಬಾರದು ಅನ್ನಿಸಿತ್ತು. ಮನುಷ್ಯರಿಗೆ ಒಂದು ಸಲಕ್ಕೆ ಬುದ್ಧಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಐದನೆಯ ತಿಂಗಳಲ್ಲಿ ಹತ್ತರಗಿಗೆ ಬಂದೆವು. ನಮ್ಮ ಮನೆ ಹೆದ್ದಾರಿಗೆ ಹತ್ತಿರ, ಹಗಲೆಲ್ಲ ಲಾರಿಗಳ ಹಾರನ್ನು. ನೋವುಂಡ ಕೂಸೆಂದು ನಾನು ಮನೆಯೊಳಗೆ ಮತ್ತಷ್ಟು ಮೌನ ತಂದೆ. ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ದೇವರ ಮನೆಯ ಗಂಟೆಯನ್ನು ಬಿಚ್ಚಿಟ್ಟೆ. ಯಾರಾದರೂ ಒಳಗೆ ಬಂದರೆ ತುಟಿಯ ಮೇಲೆ ಬೆರಳಿಟ್ಟು, ಮಲಗಿದ್ದಾಳೆ ಎಂದು ಸನ್ನೆ ಮಾಡುತ್ತಿದ್ದೆ. ಗಂಡ ಕೆಮ್ಮು ಬಂದರೆ ಅಂಗಳಕ್ಕೆ ಹೋಗಿ ಕೆಮ್ಮಿ ಬರುತ್ತಿದ್ದ. "ಎಷ್ಟ ಶಾಂತ ಕೂಸರಿ ಟೀಚರ, ಲಾರಿ ಸಪ್ಪಳಕ್ಕೂ ಮಿಸುಕೂದಿಲ್ಲ" ಎಂದು ಪಕ್ಕದ ಮನೆಯವರು ಹೊಗಳಿದರು. ನಾನು ಹೆಮ್ಮೆಪಟ್ಟೆ. ಆ ಹೆಮ್ಮೆಯನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಏಳನೆಯ ತಿಂಗಳಲ್ಲಿ ಒಂದು ಮುಂಜಾನೆ ತುಂಬಿದ ಸ್ಟೀಲಿನ ಕೊಡ ಕಟ್ಟೆಯಿಂದ ಜಾರಿ, ಕೂಸಿನ ಬೆನ್ನ ಹಿಂದೆ ಮಾರು ದೂರದಲ್ಲಿ ಕಲ್ಲುನೆಲಕ್ಕೆ ಬಿತ್ತು. ನಾನು ಚೀರಿದೆ. ಗಂಡ ಹೊರಗಿನಿಂದ ಓಡಿ ಬಂದ. ಕೂಸು ತನ್ನ ಬೆರಳುಗಳನ್ನು ನೋಡುತ್ತಾ ಕೂತಿತ್ತು. ನೀರು ಹರಿದು ಬಂದು ತೊಡೆಗೆ ತಾಗಿದಾಗ ಮಾತ್ರ ಬೆಚ್ಚಿ ತಿರುಗಿ ನೋಡಿತು. ಗಂಡ ಎರಡು ತಾಟು ತಂದು ಅದರ ತಲೆಯ ಹಿಂದೆ ಒಂದಕ್ಕೊಂದು ಬಡಿದ. ಮತ್ತೆ ಬಡಿದ. ಮೂರನೆಯ ಸಲವೂ ಕೂಸು ತಿರುಗಲಿಲ್ಲ. ತಾಟುಗಳನ್ನು ನೆಲಕ್ಕಿಟ್ಟು ಗೋಡೆಗೆ ಮುಖ ಮಾಡಿ ನಿಂತ.

ಬೆಳಗಾವಿಯ ಪರೀಕ್ಷೆಯಲ್ಲಿ ಎರಡು ಕಿವಿಯೂ ಕೇಳುವುದಿಲ್ಲವೆಂದರು. ಮೈ ಹಳದಿಯಾಗುವ ಕಾಮಣಿ ತಲೆಗೇರಿ ಹೀಗಾಗಿದೆ, ಒಂದೆರಡು ದಿನ ಮೊದಲು ಬಂದಿದ್ದರೆ ಎಂದು ಹೇಳಿ ಡಾಕ್ಟರು ಮಾತು ನಿಲ್ಲಿಸಿದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಜೋರಾಗಿ, ಬಾಯಿಬಿಟ್ಟು ಅತ್ತೆ. ಕೂಸು ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು, ಅದಕ್ಕೆ ಎಚ್ಚರವಾದೀತೆಂಬ ಅಂಜಿಕೆ ಇನ್ನು ಇರಲಿಲ್ಲ.

ಮಗಳಿಗೆ ಈಗ ಆರು ವರ್ಷ. ನಡಿಗೆ ತಡವಾಗಿ ಬಂತು, ಎಡಗಾಲು ಇನ್ನೂ ತುಸು ಎಳೆಯುತ್ತದೆ. ಮಾತು ಕಲಿಸಲು ವಾರಕ್ಕೆರಡು ದಿನ ಗೋಕಾಕಕ್ಕೆ ಕರೆದೊಯ್ಯುತ್ತೇನೆ. ಕಿವಿಗೆ ಯಂತ್ರ ಹಾಕಿದ್ದಾರೆ. ಅದರಿಂದ ಅವಳಿಗೆ ಎಷ್ಟು ಕೇಳಿಸುತ್ತದೆಂದು ಅವಳಿಗೂ ಹೇಳಲು ಬರುವುದಿಲ್ಲ, ನಮಗೂ ತಿಳಿಯುವುದಿಲ್ಲ. ಸ್ನಾನ ಮಾಡಿಸುವಾಗ ನನ್ನ ಹೊಟ್ಟೆಯ ಗುರುತುಗಳನ್ನು ಒಂದೊಂದಾಗಿ ಮುಟ್ಟಿ, ನೋವೇ ಎಂದು ಹುಬ್ಬು ಕುಣಿಸಿ ಕೇಳುತ್ತಾಳೆ. ಇಲ್ಲ ಎಂದು ತಲೆಯಾಡಿಸುತ್ತೇನೆ. ಆಮೇಲೆ ತನ್ನ ಹೊಟ್ಟೆ ನೋಡಿಕೊಳ್ಳುತ್ತಾಳೆ. ಅಲ್ಲಿ ಏನೂ ಇಲ್ಲ. ನಾನು ಹಟ ತೊಟ್ಟ ಹಾಗೆಯೇ, ಒಂದು ಗೀರೂ ಇಲ್ಲ. ಅವ್ವ ಮಾಡಿದ್ದು ಚರ್ಮದ ಮೇಲೆ ಕಾಣುತ್ತದೆ, ನಾನು ಮಾಡಿದ್ದು ಚರ್ಮದ ಮೇಲೆ ಎಲ್ಲಿಯೂ ಕಾಣುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಅವ್ವನ ಮೇಲಲ್ಲ.

ಕಳೆದ ತಿಂಗಳು ತಂಗಿಯ ಚೊಚ್ಚಲ ಹೆರಿಗೆ. ಮೂರನೆಯ ದಿನ ನಾನು ಮಗಳನ್ನು ಕರೆದುಕೊಂಡು ಮೂಡಲಗಿಗೆ ಹೋದೆ. ಅದೇ ಕೋಣೆ, ಅದೇ ಬೆಳಕಿಂಡಿ. ತಂಗಿ ಬಟ್ಟಲಲ್ಲಿ ಅರಿಶಿಣ ಕಲಸಿಟ್ಟಿದ್ದಳು. ನಾನು ಬಟ್ಟಲನ್ನು ಎತ್ತಿ ಬಚ್ಚಲಿಗೆ ಸುರಿದೆ. ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸಿ, ಎತ್ತಿಕೊಂಡು ಸೀದಾ ಹೊಸ್ತಿಲು ದಾಟಿ ಅಂಗಳದ ಬಿಸಿಲಿಗೆ ಬಂದೆ. ಹೆಬ್ಬೆರಳಿನಿಂದ ಹಣೆ ಒತ್ತಿದೆ, ಎದೆ ಒತ್ತಿದೆ, ಅಂಗಾಲು ಒತ್ತಿದೆ. ಒತ್ತಿದ ಜಾಗ ಎಲ್ಲೂ ಹಳದಿಯಾಗಿರಲಿಲ್ಲ. ಕೂಸು ಗಂಟಲು ಕಿತ್ತುಹೋಗುವ ಹಾಗೆ ಚೀರಿತು.

ತಂಗಿ ಬಾಗಿಲಲ್ಲಿ ನಿಂತು, "ಅಕ್ಕಾ, ಮೆತ್ತಗ ಹಿಡಿ, ಎಷ್ಟ ಒರಟ ಮಾಡಾಕತ್ತೀ" ಎಂದಳು.

ಅವ್ವ ಅವಳಿಗೆ, "ನೋಡ್ಲಿ ಬಿಡ" ಎಂದಳು. ಹೊಸ್ತಿಲಿನ ಮಾತು ಎತ್ತಲಿಲ್ಲ. ನಾನು ನೋಡಿ ಮುಗಿಸಿದ ಮೇಲೆ ಕೂಸನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಕೂಸು ಅವಳ ಕತ್ತಿಗೆ ಮುಖ ಒತ್ತಿ ಇನ್ನೂ ಜೋರಾಗಿ ಅಳತೊಡಗಿತು. ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರು.

ಮಗಳು ಹಿಂದಿನಿಂದ ಬಂದಳು. ಯಂತ್ರವನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅವಳಿಗೆ ಕಂಡದ್ದು ಅಜ್ಜಿಯ ಹೆಗಲ ಮೇಲೆ ಒರಗಿದ ಕೂಸಿನ ಬೆನ್ನು ಮಾತ್ರ. ನಮ್ಮ ಮೂವರ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ, ಕೂಸು ಮಲಗಿದೆ ಎಂದು ಸನ್ನೆ ಮಾಡಿದಳು.