ಕ್ಯಾಮೆರಾಕ್ಕೆ ಬಳಿದ ವಿಭೂತಿ

ಹೋದ ತಿಂಗಳು ಸವದತ್ತಿಗೆ ಹೋಗಿದ್ದಾಗ ಚಿಗವ್ವ, ಅಂದರೆ ನನ್ನ ಕಾಕಾನ ಹೆಂಡತಿ, ಟ್ರಂಕಿನ ತಳದಿಂದ ಒಂದು ಕರಿ ರೆಕ್ಸಿನ್ ಚೀಲ ಎಳೆದು ನನ್ನ ಮಡಿಲಿಗೆ ಹಾಕಿದಳು. "ಮೋಡಕಾ ಸಾಮಾನದವಗ ಗುಜರಿಗೆ ಹಾಕಬೇಕಂತ ಮಾಡಿದ್ದೆ. ನಿನಗ ಬೇಕಾದ್ರ ಒಯ್ಯಿ" ಎಂದಳು. ಜಿಪ್ ಎಳೆದ ಕೂಡಲೇ ಹಳಸಿದ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಸೋರಿ ಹಸಿರುಗಟ್ಟಿದ ಸೆಲ್ಲುಗಳ ಹುಳಿ ವಾಸನೆ, ಆಮೇಲೆ ಎಲ್ಲಕ್ಕಿಂತ ಒಳಗಿನಿಂದ, ತೆಳ್ಳಗೆ, ವಿಭೂತಿಯದು. ಅದು ನನ್ನ ಬಸುಕಾಕಾನ ಡಿಜಿಟಲ್ ಕ್ಯಾಮೆರಾ. ಸಾಬೂನಿನಷ್ಟೇ ದೊಡ್ಡದಾದ, ಬೆಳ್ಳಿ ಬಣ್ಣದ ಡಬ್ಬಿ. ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ, ಯಾವ ವಸ್ತುವೂ ಅಷ್ಟು ಕಡಿಮೆ ಕೆಲಸ ಮಾಡಿರಲಿಲ್ಲ.

ಮನೆ ಎಂದರೆ ಸವದತ್ತಿ ಪೇಟೆಯ ನಮ್ಮ ಹಳೆಯ ಮನೆ. ಮುಂದೆ ಅಜ್ಜನ ಕಾಲದ ಕಾಳಿನ ಅಂಗಡಿ, ಅದರ ಹಿಂದೆ ಎತ್ತು ಹೊರಳುವಷ್ಟು ಉದ್ದದ ಪಡಸಾಲೆ, ಪಡಸಾಲೆಯ ತುಂಬ ಜೋಳ ಮತ್ತು ಕಡಲೆಯ ಚೀಲಗಳು. ಅಂಥ ಮನೆಯಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬೇಸಿಗೆಯ ಮಧ್ಯಾಹ್ನ ಚೀಲಕ್ಕೆ ಬೆನ್ನು ಕೊಟ್ಟು ಕೂತರೆ ಗೋಣಿಯ ಚುಚ್ಚು, ಕಾಳಿನ ತಂಪು, ಒಳಗಿನಿಂದ ಬರುವ ರೊಟ್ಟಿ ಬಡಿಯುವ ಸದ್ದು, ಇವೆಲ್ಲ ಸೇರಿ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಅಜ್ಜ ತೀರಿಕೊಂಡ ಮೇಲೆ ಈ ಎಲ್ಲದರ ನಡುವೆ ಕಂಬದಂತೆ ಇದ್ದವಳು ನಮ್ಮ ಆಯಿ, ಅಪ್ಪನ ತಾಯಿ. ಅಂಗಡಿ ನಡೆಸುತ್ತಿದ್ದವನು ಅಪ್ಪ. ಬಸುಕಾಕಾ ಅವನ ತಮ್ಮ. ಅವನೂ ಅಂಗಡಿಯಲ್ಲಿ ಕೂಡುತ್ತಿದ್ದ, ಆದರೆ ಕೂತದ್ದು ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕಾಕಾ ಒಂದು ದಿನ ಬೆಳಗಾವಿಯಿಂದ ಆ ಡಬ್ಬಿ ತಂದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಮ್ಮ ಕಾಕಾ ಹಾಡಹಗಲೇ ಕತ್ತಿಗೆ ಕ್ಯಾಮೆರಾ ಕಟ್ಟಿಕೊಂಡು ಜೋಳ ತೂಗಿದ. ಮೆಗಾಪಿಕ್ಸೆಲ್ ಎಂಬ ಮಾತನ್ನು ಮಂತ್ರದಂತೆ ಹೇಳುತ್ತಿದ್ದ. ಅದರ ಅರ್ಥ ಕೇಳಿದರೆ "ನಿಮಗ ತಿಳಿಯೂದಲ್ಲ ಬಿಡ್ರಿ" ಎನ್ನುತ್ತಿದ್ದ. ತಿಳಿಯದಿದ್ದುದು ಯಾರಿಗೆ ಎಂಬುದು ಪೇಟೆಗೆಲ್ಲ ಗೊತ್ತಿತ್ತು. ಮದುವೆಗಳಲ್ಲಿ ದುಡ್ಡು ಕೊಟ್ಟು ಕರೆಸಿದ ಫೋಟೋದವನ ಮುಂದೆಯೇ ಹೋಗಿ ನಿಲ್ಲುತ್ತಿದ್ದ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಸೆಲ್ಲು ಸಾಯುತ್ತಿದ್ದವು, ಆಗ ಮದುಮಗನ ಕಡೆಯವರಿಗೆ "ತಡೀರಿ, ತಡೀರಿ" ಎಂದು ಕೈ ಮಾಡುತ್ತಿದ್ದ. ಓಣಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಪಟ ತೆಗೆದು, ಪಟ ಕೇಳಲು ಬಂದ ಅವರ ತಾಯಂದಿರಿಗೆ "ಒಳಗ ಐತಿ" ಎನ್ನುತ್ತಿದ್ದ. ಊರ ಮುಖಗಳನ್ನೆಲ್ಲ ನುಂಗಿದ ಆ ಡಬ್ಬಿ ಒಂದನ್ನೂ ಹೊರಗೆ ಬಿಡಲಿಲ್ಲ. ಅಲ್ಲಿಯತನಕ ಕಾಗದದ ಮೇಲೆ ಬಂದದ್ದು ಎರಡೇ: ಹೊಸ ಮೋಟಾರ್ ಸೈಕಲ್ಲಿನ ಮೇಲೆ ಕೂತ ಕಾಕಾ, ನವಿಲುತೀರ್ಥದ ಅಣೆಕಟ್ಟಿನ ಮುಂದೆ ನಿಂತ ಕಾಕಾ.

ಅದೇ ವರ್ಷ ಮನೆ ಪಾಲಾಗುವುದು ನಿಶ್ಚಯವಾಯಿತು. ಕೇಳಿದವನು ಕಾಕಾ. ಜಗಳ ಎನ್ನುವಂಥದ್ದೇನೂ ಆಗಲಿಲ್ಲ, ಅಪ್ಪ ಮಾತು ಕಡಿಮೆ ಮಾಡಿದ, ಅಷ್ಟೇ. ದೀಪಾವಳಿ ಮುಗಿದ ಮೇಲೆ ಪಡಸಾಲೆಯ ನಟ್ಟನಡುವೆ ಗೋಡೆ ಏಳಬೇಕೆಂದು ಹಿರಿಯರು ಹೇಳಿ ಹೋದರು. ಎರಡು ದಿನ ಬಿಟ್ಟು, ಉಣ್ಣುವ ಹೊತ್ತಿನಲ್ಲಿ ಇಬ್ಬರು ಮಕ್ಕಳೂ ಎದುರಿಗಿದ್ದಾಗ ಆಯಿ ತನಗೆ ಬೇಕಾದದ್ದನ್ನು ಕೇಳಿದಳು.

"ದಸರಾಕ್ಕ ಹೆಣ್ಣಮಕ್ಕಳೂ ಬರ್ತಾರ. ಎಲ್ಲಾರೂ ಕೂಡಿ ಒಂದ ಫೋಟೋ ತಗಸೂಣು. ಗ್ವಾಡಿ ಎದ್ದ ಮ್ಯಾಲ ನಾ ಯಾವ ಕಡೆ ಕುಂಡ್ರಲಿ?"

ಅಪ್ಪ ತಟ್ಟೆಯಲ್ಲೇ ಕೈ ತೊಳೆದು, ಬಜಾರಿನ ಸ್ಟುಡಿಯೋದವನಿಗೆ ಹೇಳಿ ಬರುತ್ತೇನೆಂದು ಎದ್ದ. ಕಾಕಾ ನಕ್ಕ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಮನ್ಯಾಗ ಡಿಜಿಟಲ್ ಇಟಗೊಂಡು ಆ ಮುದುಕನ್ನ ಕರೀತಿ ಏನಣ್ಣಾ? ರೋಲ್ ಹಾಕೂದು, ತೊಳಿಯೂದು, ವಾರಗಟ್ಟಲೆ ಕಾಯೂದು! ನಾ ತಗೀತೇನಿ ಬಿಡು" ಎಂದ. ಪಾಲಿನ ಹೊತ್ತಿನಲ್ಲಿ ಇದಕ್ಕೊಂದು ಮಾತು ಬೆಳೆಯುವುದು ಬೇಡವೆಂದು ಅಪ್ಪ ಮತ್ತೆ ಕೂತ.

ಖಂಡೇ ಪೂಜೆಯ ದಿನ ಅತ್ತೆಯರಿಬ್ಬರೂ, ರಾಮದುರ್ಗದವಳೂ ಬೈಲಹೊಂಗಲದವಳೂ, ಮಕ್ಕಳೊಂದಿಗೆ ಬಂದಿದ್ದರು. ನಮ್ಮಲ್ಲಿ ಅವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ. ಪೂಜೆಗೆ ಕೂತ ವಸ್ತುವನ್ನು ಮರುದಿನ ಇಳಿಸುವ ತನಕ ಯಾರೂ ಮುಟ್ಟುವಂತಿಲ್ಲ, ಕಾಯಿಪಲ್ಯೆ ಕೂಡ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳಬೇಕು. ಜಮಖಾನದ ಮೇಲೆ ಅಜ್ಜನ ತಕ್ಕಡಿ, ತೂಕದ ಕಲ್ಲುಗಳು, ಕೊಡಲಿ, ಈಳಿಗೆ, ಚಿಗವ್ವನ ಹೊಲಿಗೆ ಮಷೀನು. ಇವೆಲ್ಲಕ್ಕೂ ಮೇಲೆ, ತಕ್ಕಡಿಯ ತಟ್ಟೆಯಲ್ಲಿ, ತನ್ನ ಆಯುಷ್ಯದಲ್ಲಿ ಒಂದು ದಿನವೂ ದುಡಿಯದ ಆ ಡಬ್ಬಿಯನ್ನು ಕಾಕಾ ತಾನೇ ತಂದು ಕೂರಿಸಿದ. ಆಯಿ ಬಟ್ಟಲಿನಲ್ಲಿ ವಿಭೂತಿ ಕಲಸಿಕೊಂಡು ಒಂದೊಂದಕ್ಕೂ ಮೂರು ಬೆರಳು ಎಳೆಯುತ್ತ ಬಂದಳು. ಕ್ಯಾಮೆರಾದ ಮುಂದೆ ನಿಂತು, "ಇದರ ಕಣ್ಣ ತಗೀಯೋ ಬಸ್ಸ್ಯಾ. ಮುಚ್ಚಿದ ಕಣ್ಣಿಗೆ ಎಂಥಾ ಪೂಜಿ?" ಎಂದಳು. ಬಂದವರೆಲ್ಲ ನೋಡುತ್ತಿದ್ದರಲ್ಲ, ಕಾಕಾ ಎದೆಯುಬ್ಬಿಸಿ ಲೆನ್ಸಿನ ಮುಚ್ಚಳ ಸರಿಸಿದ. ಆಯಿಯ ಬೆರಳುಗಳು ಈ ತುದಿಯಿಂದ ಆ ತುದಿಗೆ, ಗಾಜಿನ ಮೇಲೂ ಸೇರಿ, ಅಡ್ಡಡ್ಡ ಹಾಯ್ದವು. ಹೂವೇರಿಸಿ ಕೈಮುಗಿದಳು. ಅವಳು ಬೇಡಿಕೊಂಡದ್ದು ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುದಿನ ಬನ್ನಿ. ಪೂಜೆ ಇಳಿಸಿದ ಮೇಲೆ ಕಾಕಾ ಕ್ಯಾಮೆರಾ ಎತ್ತಿ, ಹಾ ಎಂದು ಬಾಯುಸಿರು ಬಿಟ್ಟು, ಧೋತರದ ಚುಂಗಿನಿಂದ ಲೆನ್ಸು ತಿಕ್ಕಿದ. ಬೇರೆ ಯಾರಾದರೂ ಆ ಗಾಜಿನ ಹತ್ತಿರ ಬೆರಳು ತಂದರೂ ಹೌಹಾರುತ್ತಿದ್ದ ಮಹಾಶಯ, ಸುತ್ತಲಿನ ವಿಭೂತಿಯನ್ನೆಲ್ಲ ನಡುವಿಗೆ ತಂದು ಮೆತ್ತಿ, "ಸ್ವಚ್ಛ ಆತು" ಎಂದ. ಅಂಗಳದಲ್ಲಿ ಎಲ್ಲರೂ ಸಾಲಾಗಿ ಕೂತರು. ನಡುವೆ ಕುರ್ಚಿಯ ಮೇಲೆ ಆಯಿ, ಹಸಿರು ಇಳಕಲ್ ಸೀರೆ. ತಾನೂ ಫೋಟೋದಲ್ಲಿ ಇರಬೇಕಲ್ಲ! ಜೋಳದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕ್ಯಾಮೆರಾ ಇಟ್ಟು, ಏನೋ ಗುಂಡಿ ಒತ್ತಿ, ಧೋತರ ಎತ್ತಿಕೊಂಡು ಓಡಿಬಂದ. ಚೀಲದ ಮೇಲೆ ಕೆಂಪು ದೀಪ ಪಿಳಿಪಿಳಿ ಎಂದಿತು. ಆಯಿ ಅದಕ್ಕೂ ಕೈಮುಗಿದಳು. ಆ ಬಿಸಿಲಿನಲ್ಲಿ ಅದರ ಪುಟ್ಟ ಪರದೆಯ ಮೇಲೆ ಯಾರಿಗೂ ಏನೂ ಕಾಣಲಿಲ್ಲ, ನೋಡುತ್ತಿರುವಾಗಲೇ ಸೆಲ್ಲು ಸತ್ತವು. ಸಂಜೆ ಒಬ್ಬರಿಗೊಬ್ಬರು ಬನ್ನಿ ಕೊಟ್ಟು "ಬಂಗಾರಧಾಂಗ ಇರೂಣು" ಎಂದು ಕಾಲಿಗೆ ಬಿದ್ದರು. ಅಪ್ಪ ಮತ್ತು ಕಾಕಾ ಕೂಡ. ನಸುಕಿನ ಬಸ್ಸಿಗೆ ಅತ್ತೆಯರು ಹೋದರು.

ದೀಪಾವಳಿಯ ಮರುವಾರ ಇಟ್ಟಂಗಿ ಬಂದವು. ಗೋಡೆ ಎದ್ದಿತು. ಆಯಿ ಒಂದು ತಿಂಗಳು ಈಚೆ, ಒಂದು ತಿಂಗಳು ಆಚೆ ಉಣ್ಣತೊಡಗಿದಳು. ಆಚೆ ಇದ್ದಾಗಲೆಲ್ಲ "ನಮ್ಮ ಫೋಟೋ ಏನಾತೋ?" ಎಂದು ಕೇಳುತ್ತಿದ್ದಳು. ಗೋಡೆಯ ಈಚೆ ನಮಗೆ ಕಾಕಾನ ಉತ್ತರ ಕೇಳಿಸುತ್ತಿತ್ತು. "ಒಳಗ ಐತಿ." ಸಂಕ್ರಾಂತಿ ಕಳೆದ ಮೇಲೆ ಅವನಿಗೆ ಧಾರವಾಡದಲ್ಲಿ ಏನೋ ಕೆಲಸ ಬಂತು, ಹಾಗೆಯೇ ಅದರ ಪ್ರಿಂಟು ಹಾಕಿಸಿಕೊಂಡು ಬಂದ. ನಾನು ಅವತ್ತು ಆಯಿಗೆ ರೊಟ್ಟಿ ಕೊಡಲು ಆಚೆ ಹೋಗಿದ್ದೆ. ಅವಳು ಪಟವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಬಾಗಿಲ ಬೆಳಕಿಗೆ ಒಯ್ದಳು. ಅಪ್ಪ ಇದ್ದ, ಅವ್ವ, ಚಿಗವ್ವ, ಅತ್ತೆಯರು, ಮಕ್ಕಳು ಎಲ್ಲರೂ ಇದ್ದರು. ಓಡಿಬಂದು ತುದಿಗೆ ಕೂತ ಕಾಕಾನ ಹಲ್ಲುಗಳನ್ನು ಬೇಕಾದರೆ ಎಣಿಸಬಹುದಿತ್ತು. ನಡುವೆ ಮಾತ್ರ, ಹಸಿರು ಸೀರೆಯ ಸೆರಗಿನ ಮೇಲೆ, ಒಂದು ಬಿಳಿ ಮಬ್ಬು.

"ಎಲ್ಲಾರೂ ಅದಾರ. ನಾ ಎಲ್ಲದೀನೋ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಾಕಾ, "ನಿನ್ನ ವಿಭೂತಿನ ನಿನ್ನ ನುಂಗೇತಿ ನೋಡು! ಗಾಜಿಗೆ ಬಳೀ ಅಂತ ಯಾರು ಹೇಳಿದ್ರು? ಛಲೋ ಕ್ಯಾಮೆರಾ ಕೆಡಿಸಿಬಿಟ್ಟಿ" ಎಂದ. ಆಯಿ ಆ ಬಿಳುಪಿನ ಮೇಲೆ ಒಮ್ಮೆ ಬೆರಳಾಡಿಸಿದಳು. "ಇರಲಿ ಬಿಡಪಾ. ನೀವೆಲ್ಲಾ ಕೂಡೀರಿ. ಕಟ್ಟ ಹಾಕಿಸಿ ಗ್ವಾಡಿಗೆ ಹಾಕು" ಎಂದಳು. ಕೆಟ್ಟ ಫೋಟೋ ಗೋಡೆಗೆ ಹಾಕಿದರೆ ಬಂದವರು ನಗುತ್ತಾರೆಂದು ಕಾಕಾ ಅದನ್ನು ಕಿತ್ತುಕೊಂಡು ಕ್ಯಾಮೆರಾದ ಚೀಲಕ್ಕೆ ತುರುಕಿದ. ಆಯಿ ಮತ್ತೆ ಕೇಳಲಿಲ್ಲ. ಇನ್ನೊಂದು ಫೋಟೋ ತೆಗೆಸೋಣವೆಂದರೆ ಅಷ್ಟು ಜನ ಒಂದು ಅಂಗಳದಲ್ಲಿ ಮತ್ತೆ ಕೂಡಲೂ ಇಲ್ಲ. ಮುಂದಿನ ವರ್ಷಗಳಲ್ಲಿ ಆಯಿ ಹೋದಳು, ಅಪ್ಪ ಹೋದ. ಕಾಕಾನೂ ಹೋದ, ಅವನಿಗಾಗಿ ಅತ್ತೆನೆಂದು ಸುಳ್ಳು ಹೇಳಲಾರೆ. ಮನೆ ಮಾರಿ, ಗೋಡೆಯನ್ನೂ ಸೇರಿಸಿ ಕೆಡವಿ, ಅಲ್ಲೀಗ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ಸವದತ್ತಿಗೆ ಹೋದಾಗ ಆ ಬೀದಿಯಲ್ಲಿ ನಾನು ತಲೆಯೆತ್ತುವುದಿಲ್ಲ, ಆದರೂ ಅಲ್ಲಿಗೆ ಬಂದ ಕೂಡಲೇ ಕಾಳಿನ ವಾಸನೆಗಾಗಿ ಮೂಗು ಹುಡುಕುತ್ತದೆ.

ಪಟ ಚೀಲದಲ್ಲೇ ಇತ್ತು. ಕ್ಯಾಮೆರಾವನ್ನು ಮೋಡಕಾದವನಿಗೇ ಬಿಟ್ಟುಬಂದೆ. ಪಟಕ್ಕೆ ಕಟ್ಟು ಹಾಕಿಸಿ ನಮ್ಮ ಈಗಿನ ಮನೆಯ ಪಡಸಾಲೆಯ ಗೋಡೆಗೆ ಹಾಕಿದ್ದೇನೆ. ಮೊನ್ನೆ ಬದಿಮನೆಯಾಕೆ ಚಹಾ ಕುಡಿಯುತ್ತ ಅದನ್ನೇ ನೋಡಿ, "ನಡುವಿನ ಗಾಜಿಗೆ ಏನೋ ಹತ್ತೇತಿ, ಒರಸ್ರಿ" ಎಂದು ಸೆರಗು ಹಿಡಿದು ತಾನೇ ಎದ್ದಳು. ನಾನು ಅವಳ ಕೈ ಹಿಡಿದೆ.

"ಒರಸಬ್ಯಾಡ್ರಿ. ಅಕಿ ನಮ್ಮ ಆಯಿ."